ಬಲಗಾಲಿಗೆ ಕಟ್ಟಿದ ಹಗ್ಗ

"ಲೇ ಮುಳುಗ, ಸತ್ತಿದ್ರೆ ನಿನ್ ಕೈಗೇ ಸಿಗ್ತಾಳಲ್ಲೋ. ಬದುಕಿದ್ರೆ ಹೊಟ್ಟೆ ಹಸಿದಾಗ ತಾನಾಗೇ ಬರ್ತಾಳೆ. ಇದಕ್ಕೆಲ್ಲ ಕಂಪ್ಲೇಂಟು ಯಾಕೋ ಬೋಳಿಮಗನೆ?"

ಠಾಣೆಯ ರೈಟರು ಹೀಗೆ ಅಂದು ಒಂಬತ್ತು ದಿನವಾಗಿತ್ತು. ಮುಳುಗ ಎಂದರೆ ಊರಾಚೆಯ ಕಲ್ಲು ಕ್ವಾರಿಯ ನೀರಿಗಿಳಿದು ಪೊಲೀಸರಿಗೆ ಹೆಣ ಎತ್ತಿಕೊಡುವವನು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಂತಾಗಿತ್ತು. ಕಾಣೆಯಾದವಳು ಅವನ ತಂಗಿ. ಹುಟ್ಟು ಮೂಗಿ, ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೋದವಳು ತಿರುಗಿ ಬರಲಿಲ್ಲ. ಮರುದಿನವೇ ಅವ್ವನನ್ನು ಕರೆದುಕೊಂಡು ಠಾಣೆಗೆ ಓಡಿದ್ದ.

ಅಂದಿನಿಂದ ದಿನಾ ಹೋಗುವುದು, ದಿನಾ ಬೈಸಿಕೊಂಡು ಬರುವುದು. ಒಂದು ದಿನ ಬೆಂಚಿನ ಮೇಲೆ ಕೂತ ಅವ್ವನನ್ನು ಎಬ್ಬಿಸಿ ನೆಲಕ್ಕೆ ಕೂರಿಸಿದರು. ಇನ್ನೊಂದು ದಿನ ಇನ್‌ಸ್ಪೆಕ್ಟರ್ ಸಾಹೇಬರೇ ಟೀ ಲೋಟ ಕೆಳಗಿಟ್ಟು, "ಯಾವನೋ ಕರೆದಿರ್ತಾನೆ ಬಿಡವ್ವ. ಮೂಗಿ ತಾನೆ, ಬೇಡ ಅನ್ನೋಕೂ ಬಾಯಿಲ್ಲ" ಅಂದರು. ಠಾಣೆಗೆ ಠಾಣೆಯೇ ನಕ್ಕಿತು. ಏನು ಮಾಡಬೇಕೆಂದು ತೋಚದೆ ಅವ್ವನೂ ಒಂಚೂರು ನಕ್ಕುಬಿಟ್ಟಳು. ಆ ನಗು ಮುಳುಗನ ಗಂಟಲಿನಿಂದ ಇನ್ನೂ ಕೆಳಗಿಳಿದಿರಲಿಲ್ಲ.

ಠಾಣೆಯಿಂದ ಫೋನು ಬಂದರೆ ಸಾಕು, ಹೆಣ ಗಂಡೋ ಹೆಣ್ಣೋ ಎಂದು ಮೊದಲು ಕೇಳುತ್ತಿದ್ದ. ಹೋಗದಿದ್ದರೆ ಒಳಗೆ ಹಾಕುತ್ತಾರೆ, ಹೋದರೆ ನೀರಲ್ಲಿ ಯಾರು ಸಿಗುತ್ತಾರೋ. ಇವತ್ತು ಮಧ್ಯಾಹ್ನ ಬಂದೇ ಬಂತು. "ಹೆಂಗಸು ಕಣೋ. ಬೇಗ ಬಾ, ಜಿಲ್ಲೆಯಿಂದ ದೊಡ್ಡ ಸಾಹೇಬ್ರೇ ನೋಡೋಕೆ ಹೊರಟಿದ್ದಾರೆ."

ಬೇಡವೆಂದರೂ ಕೇಳದೆ ಅವ್ವ ಹಿಂದೆಯೇ ಬಂದಳು.

ಕ್ವಾರಿಯ ನೀರಲ್ಲಿ ಹೆಣ ಬೋರಲಾಗಿ ತೇಲುತ್ತಿತ್ತು. ಮೈಯೆಲ್ಲ ಪಾಚಿ, ಕೆಸರು. ಬಟ್ಟೆಯ ಬಣ್ಣ ಯಾವುದೆಂದು ದೇವರಿಗೇ ಗೊತ್ತು. ನೀರಿನಲ್ಲಿ ಎಲ್ಲ ಹೆಂಗಸರ ಕೂದಲೂ ಒಂದೇ. ಮುಳುಗ ಇಳಿದು ಹೆಣದ ಒಂದು ಕಾಲಿಗೆ ಹಗ್ಗ ಬಿಗಿದ. ಎಳೆಯಲಿಲ್ಲ. ಕತ್ತಿನವರೆಗಿನ ನೀರಲ್ಲಿ ಹಾಗೇ ನಿಂತ.

"ಯಾಕೋ? ತಿರುಗಿಸೋ ಮುಖಾನ," ಎಂದು ದಂಡೆಯಿಂದ ಇನ್‌ಸ್ಪೆಕ್ಟರ್ ಕೂಗಿದರು.

"ಮೊದ್ಲು ಬರೀರಿ ಸಾಹೇಬ್ರೆ."

"ಏನ್ ಬರೀಬೇಕೋ ಸೂಳೆಮಗನೆ?"

"ನನ್ ತಂಗಿ ಕಾಣೆಯಾಗವ್ಳೆ ಅಂತ. ಒಂಬತ್ತು ದಿನದ ಹಿಂದೆನೇ ಅವ್ವ ಬಂದು ಹೇಳಿದ್ಲು ಅಂತ. ಮುಖ ನೋಡಿದ್ಮೇಲೆ ಬರೆಯಲ್ಲ ನೀವು. ಜಾರಿ ಬಿದ್ದು ಸತ್ಲು ಅಂತೀರಿ, ನಾವು ಹುಡುಕಿ ಅಂದಿದ್ದು ಎಲ್ಲೂ ಇರಲ್ಲ."

"ಮೇಲೆ ಬಾ, ನಿನ್ ಚರ್ಮ ಸುಲೀತೀನಿ."

"ಸುಲೀರಂತೆ. ಹಗ್ಗ ಬಿಟ್ರೆ ಇದು ಬಂಡೆ ಸಂದಿಗೆ ಹೋಗುತ್ತೆ. ದೊಡ್ಡ ಸಾಹೇಬ್ರು ಬಂದಾಗ ನೀವೇ ಇಳಿದು ತೋರ್ಸಿ."

ದಂಡೆಯ ಮೇಲೆ ಜನ ಸೇರಿದ್ದರು, ನಾಲ್ಕೈದು ಮೊಬೈಲುಗಳು ಮೇಲೆದ್ದಿದ್ದವು. ದೂರದಲ್ಲಿ ದೊಡ್ಡ ಸಾಹೇಬರ ಜೀಪಿನ ಧೂಳು ಕಂಡಿತು. ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿ ರೈಟರಿಗೆ ಸನ್ನೆ ಮಾಡಿದರು. ರೈಟರು ಠಾಣೆಯ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಇವತ್ತಿನ ತಾರೀಕು ಹಾಕಿದರು.

"ಓದಿ ಹೇಳಿ," ಅಂದ ಮುಳುಗ. ಕೇಳಿ ಇಲ್ಲವೆಂದು ತಲೆಯಾಡಿಸಿದ. "ತಾರೀಕು ಅದಲ್ಲ. ಅವ್ವ ಮೊದಲ್ನೇ ಸಲ ಬಂದ ದಿನದ್ದು ಹಾಕಿ."

ತಾರೀಕು ತಿದ್ದಿದರು. ವಯಸ್ಸು ಕೇಳಿದರು, ಎತ್ತರ ಕೇಳಿದರು.

"ಗುರುತೇನಮ್ಮ?" ಒಂಬತ್ತು ದಿನದಲ್ಲಿ ಮೊದಲ ಸಲ ರೈಟರ ಬಾಯಲ್ಲಿ ಅಮ್ಮ ಎಂಬ ಮಾತು ಬಂತು.

"ಎಡಗಾಲಲ್ಲಿ ಕಿರುಬೆರಳಿಲ್ಲ ಸಾಮಿ," ಎಂದಳು ಅವ್ವ. "ಲಾಡ್ಜಲ್ಲಿ ಬಟ್ಟೆ ಗಾಡಿ ಕಾಲ್ ಮೇಲೆ ಹರೀತು."

ರೈಟರು ಸಹಿ ಹಾಕಿ, ಚೀಲದಲ್ಲಿದ್ದ ಸೀಲು ಒತ್ತಿ, ಕಾರ್ಬನ್ ನಕಲನ್ನು ಅವ್ವನ ಕೈಗೆ ಕೊಟ್ಟರು. ಓದಲು ಬಾರದ ಅವ್ವ ಅದನ್ನು ಎರಡು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

"ಈಗ ಎಳಿಯೋ," ಅಂದರು ಇನ್‌ಸ್ಪೆಕ್ಟರ್.

ಮುಳುಗ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡ. ಅದನ್ನು ಅವನು ಹೆಣದ ಬಲಗಾಲಿಗೆ ಕಟ್ಟಿದ್ದ. ಎಡಗಾಲನ್ನು ಇನ್ನೂ ಮುಟ್ಟಿರಲಿಲ್ಲ.