ತಿರುವಿನಲ್ಲಿ ನಿಂತದ್ದು

ಲ್ಯಾಪ್‌ಟಾಪಿನ ಪರದೆಯ ಮೇಲೆ ಮಗ ನಗಲು ಬಾಯಿ ತೆರೆದ. ಹಾಗೆಯೇ ನಿಂತುಬಿಟ್ಟ.

ಅತ್ತೆಯ ಪಕ್ಕ ಕೂತು ನೋಡುತ್ತಿದ್ದ ಸೊಸೆಯ ಕೈಯಲ್ಲಿದ್ದ ಲೋಟವೂ ಅರ್ಧದಲ್ಲೇ ನಿಂತಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಮತ್ತೆ ಅವನು ನಕ್ಕ. ಫ್ಯಾನಿನ ರೆಕ್ಕೆ ಒರೆಸುತ್ತ, "ಅಮ್ಮಾ, ನನ್ನ ಬಿಡು, ಸ್ಟೂಲ್ ಹಿಡ್ಕೋ" ಎಂದ. ವಿಡಿಯೋ ಮುಂದೆ ಓಡಿತು.

"ನೋಡಿದ್ಯಾ? ಇವತ್ತು ನಗೋ ಕಡೆ ನಿಂತ," ಎಂದರು ಅತ್ತೆ. "ನಿನ್ನೆ ಸ್ಟೂಲ್ ಹತ್ತೋ ಕಡೆ."

"ಅವರು ನಿಲ್ಲಲಿಲ್ಲ ಅತ್ತೆ. ಲ್ಯಾಪ್‌ಟಾಪ್ ನಿಂತಿದ್ದು."

ಬಾಯಿ ಹಾಗೆ ಹೇಳಿತು. ಆದರೆ ಆ ವಿಡಿಯೋದಲ್ಲಿದ್ದ ಅವಳ ಗಂಡನೂ ಬದುಕಿದ್ದಾಗ ಹೀಗೇ ಹೇಳುತ್ತಿದ್ದ: "ಒಂದು ಕ್ಷಣ ಎಲ್ಲಾ ನಿಂತ ಹಾಗಾಗುತ್ತೆ ಕಣೇ. ಆಮೇಲೆ ಸರಿಹೋಗುತ್ತೆ." ಹಳೇ ಗಾಡಿ, ಕೆಮ್ಮುತ್ತೆ ಎಂದು ಮನೆಯವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ. ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ನಿಂತ ಅವನ ಹೃದಯ ಮತ್ತೆ ಸರಿಹೋಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಯಾವುದೂ ಸುಮ್ಮನೆ ನಿಲ್ಲುವಂತಿರಲಿಲ್ಲ. ನಲ್ಲಿ ಗೊರಗೊರ ಎಂದು ಉಸಿರು ಹಿಡಿದರೂ ಸೊಸೆಗೆ ಜೀವ ಬಾಯಿಗೆ ಬರುತ್ತಿತ್ತು.

ಅವನ ದನಿ ಉಳಿದಿದ್ದುದು ಆ ಫ್ಯಾನಿನ ವಿಡಿಯೋದಲ್ಲಿ ಮಾತ್ರ. ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಿದ್ದಳು. ನಕಲೂ ತಡವರಿಸಿತು. ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು, ಧೈರ್ಯವಾಗಲಿಲ್ಲ. ಅಲ್ಲೂ ನಿಂತರೆ? ರಿಪೇರಿ ಅಂಗಡಿಯವನು, "ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರೆ ಹಗುರಾಗುತ್ತೆ ಮೇಡಂ" ಎಂದಾಗ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮನೆಗೆ ಬಂದಿದ್ದಳು.

"ಇವಳ ಆಟದಿಂದಲೇ ಹಾಳಾಗಿದ್ದು," ಎಂದರು ಅತ್ತೆ, ಒಳಗಿನ ಕೋಣೆಗೆ ಕೇಳಿಸುವಂತೆ.

ನಾದಿನಿ ಹೊರಗೆ ಬಂದಳು. ಕಾಲೇಜಿಗೆ ಹೋಗುವ ಹುಡುಗಿ. ಮನೆಯಲ್ಲಿ ಎಲ್ಲರಿಗೂ ಅವಳು ಚೂಟಿ. "ಹೌದಮ್ಮ, ಮಳೆ ಬರದಿದ್ರೂ ನನ್ನ ಆಟದಿಂದಲೇ. ಅತ್ತಿಗೆ, ನೀವೇ ಹೇಳಿ, ಆಟದಲ್ಲೂ ನಿಲ್ಲುತ್ತೆ. ಜೋರಾಗಿ ಕಾರು ಓಡಿಸ್ತಿರ್ತೀನಿ, ತಿರುವು ಬರುತ್ತೆ, ಎಲ್ಲಾ ನಿಂತ್ಹೋಗುತ್ತೆ, ಹೋಗಿ ಗೋಡೆಗೆ ಢಂ!"

ಆಟದಲ್ಲೂ ನಿಲ್ಲುತ್ತದೆಂದರೆ ಕೆಟ್ಟಿರುವುದು ವಿಡಿಯೋ ಅಲ್ಲದಿರಬಹುದು. ಸೊಸೆ ಅದನ್ನೇ ಹಿಡಿದುಕೊಂಡಳು. ಅವಳು ಬಣ್ಣದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುವವಳು. ಬಣ್ಣ ಯಾಕೆ ಬಿರಿಯಿತು ಎಂದು ಹುಡುಕುವಾಗ ಅಲ್ಲಿ ಒಂದೇ ನಿಯಮ: ಒಂದನ್ನು ಮಾತ್ರ ಬದಲಾಯಿಸು, ಉಳಿದದ್ದನ್ನು ಮುಟ್ಟಬೇಡ.

"ಕೂತ್ಕೋ, ಆಡು," ಎಂದಳು. "ನಿಂತಾಗ ಹೇಳು. ನಾನೂ ನೋಡ್ತಿರ್ತೀನಿ."

"ಅಮ್ಮಾ, ಕೇಳಿಸ್ತಾ? ಆಡು ಅಂತ ಅತ್ತಿಗೇನೇ ಹೇಳ್ತಿದ್ದಾರೆ!"

ಮೊದಲು ಚಾರ್ಜರ್ ತೆಗೆದಳು. ಕಾರುಗಳು ಓಡಿದವು, ಒಂದು ಕಡೆ ಎಲ್ಲವೂ ಗಕ್ಕನೆ ನಿಂತು ಹೊರಟವು. ಸಂಗೀತವೂ ತೊದಲಿತು. "ನಿಂತಿತು," ಎಂದರು ಇಬ್ಬರೂ ಒಟ್ಟಿಗೆ. ಮುಂದಿನ ತಿರುವಿನಲ್ಲಿ ಚೂಟಿ ಒಬ್ಬಳೇ "ನಿಂತಿತು" ಎಂದಳು. ಸೊಸೆಗೆ ಏನೂ ಕಾಣಲಿಲ್ಲ. ಸೋತದ್ದಕ್ಕೆ ನೆಪ ಹುಡುಕುತ್ತಿದ್ದಾಳೆ ಎಂದುಕೊಂಡಳು.

ಚಾರ್ಜರ್ ಸಿಕ್ಕಿಸಿ ಇಂಟರ್ನೆಟ್ ನಿಲ್ಲಿಸಿದಳು. ಹಾಗೆಯೇ ತೊದಲಿತು. ಅದನ್ನು ಮೊದಲಿನಂತೆ ಮಾಡಿ ಬ್ಲೂಟೂತ್ ನಿಲ್ಲಿಸಿದಳು. ಕಾರುಗಳು ಎಣ್ಣೆ ಸವರಿದಂತೆ ಜಾರಿಕೊಂಡು ಹೋದವು. ಮತ್ತೆ ಹಾಕಿದಳು, ತೊದಲಿತು. ತೆಗೆದಳು, ತೊದಲು ಹೋಯಿತು.

ಬ್ಲೂಟೂತಿನ ಪಟ್ಟಿಯಲ್ಲಿ ಇದ್ದದ್ದು ಒಂದೇ ವಸ್ತು, ಗಂಡನ ಇಯರ್‌ಫೋನ್. ಪಕ್ಕದಲ್ಲಿ "ಸಂಪರ್ಕಿಸಲಾಗುತ್ತಿದೆ" ಎಂದಿತ್ತು. ಆಸ್ಪತ್ರೆಯವರು ಅವನ ಬಟ್ಟೆಯ ಜೊತೆ ಕೊಟ್ಟ ಚೀಲದಲ್ಲಿ, ಬೀರುವಿನ ತಳದಲ್ಲಿ, ಅದು ಚಾರ್ಜಿಲ್ಲದೆ ಬಿದ್ದಿತ್ತು. ಆ ಚೀಲವನ್ನು ಯಾರೂ ಬಿಚ್ಚಿರಲಿಲ್ಲ. ಲ್ಯಾಪ್‌ಟಾಪ್ ಮಾತ್ರ ಅದನ್ನು ಕರೆಯುತ್ತಲೇ ಇತ್ತು. ಕರೆಯುವಾಗಲೆಲ್ಲ ಒಮ್ಮೆ ಉಸಿರು ಕಟ್ಟುತ್ತಿತ್ತು.

'ಅಳಿಸಿ' ಎಂಬುದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಒತ್ತಿದಳು.

ವಿಡಿಯೋ ಹಾಕಿದರು. ಅವನು ಹತ್ತಿದ, ಒರೆಸಿದ, ನಕ್ಕ, ಅಮ್ಮನನ್ನು ಕರೆದ. ಎಲ್ಲೂ ನಿಲ್ಲಲಿಲ್ಲ. ಅತ್ತೆ ಸ್ಟೂಲು ಹಿಡಿಯುವವರಂತೆ ಎರಡೂ ಕೈ ಮುಂದೆ ಚಾಚಿ ನೋಡಿದರು. "ಸರಿಹೋಯ್ತು ಕಣೇ," ಎಂದು ಸೊಸೆಯ ಬೆನ್ನು ಸವರಿದರು. ಸೊಸೆ ಅಡುಗೆಮನೆಗೆ ಹೋಗಿ ಮುಖ ತೊಳೆದಳು. ಎಷ್ಟೋ ದಿನಗಳ ಮೇಲೆ ಹಸಿವಾಗಿತ್ತು.

"ಅತ್ತಿಗೇ," ಚೂಟಿ ಮತ್ತೆ ಆಟಕ್ಕೆ ಕೂತಿದ್ದಳು. "ಇಲ್ಲಾ, ಸರಿಹೋಗಿಲ್ಲ. ಮತ್ತೆ ನಿಂತಿತು."

"ಎಲ್ಲಿ?"

"ಅದೇ, ತಿರುವಲ್ಲಿ."

ಸೊಸೆ ಒದ್ದೆ ಮುಖದಲ್ಲೇ ಬಂದು ಹಿಂದೆ ನಿಂತಳು. ಕಾರು ವೇಗ ಹಿಡಿಯಿತು. ಚೂಟಿಯ ಭುಜಗಳು ಬಿಗಿದವು. ತಿರುವು ಬಂತು. ಸಂಗೀತ ಓಡುತ್ತಿತ್ತು. ಪಕ್ಕದ ಕಾರುಗಳು ಸಲೀಸಾಗಿ ಹೊರಳಿದವು. ಚೂಟಿಯ ಕಾರೊಂದೇ ನೇರ ಹೋಗಿ ಗೋಡೆಗೆ ಬಡಿಯಿತು.

"ನೋಡಿದ್ರಾ? ನಿಂತಿತು!"

ಸೊಸೆ ನೋಡಿದ್ದಳು. ಈ ಸಲ ಪರದೆಯನ್ನಲ್ಲ. ಕೀಲಿಗಳ ಮೇಲೆ ಚೂಟಿಯ ಬೆರಳುಗಳು ಸುಮ್ಮನಾಗಿದ್ದವು. ತುಟಿ ಬೆಳ್ಳಗಾಗಿ, ಮತ್ತೆ ಬಣ್ಣ ಬಂದಿತ್ತು.

"ಚೂಟಿ, ಏನು ನಿಂತಿತು?"

"ಎಲ್ಲಾ. ಒಂದು ಕ್ಷಣ ಎಲ್ಲಾ ನಿಂತ ಹಾಗೆ. ಆಮೇಲೆ ಸರಿಹೋಗುತ್ತಲ್ಲ, ಯಾಕೆ ಹಾಗೆ ನೋಡ್ತೀರಾ?"

ಸೊಸೆ ಮೆಲ್ಲಗೆ ಅವಳ ಕೈಯನ್ನು ಕೀಲಿಗಳ ಮೇಲಿಂದ ಎತ್ತಿದಳು. ಬಿಸಿ ಪಾತ್ರೆಯನ್ನು ಇಳಿಸುವಷ್ಟು ಮೆಲ್ಲಗೆ. ಗಾಬರಿಪಡಿಸಬಾರದು, ಓಡಿಸಬಾರದು.

"ಅತ್ತೆ, ಚಪ್ಪಲಿ ಹಾಕ್ಕೊಳ್ಳಿ. ಆಟೋ ಕರೀತೀನಿ."

"ಈಗೆಲ್ಲಿಗೆ? ಲ್ಯಾಪ್‌ಟಾಪ್ ಸರಿಹೋಯ್ತಲ್ಲ."

"ಲ್ಯಾಪ್‌ಟಾಪ್ ಸರಿಯಾಗಿದೆ ಅತ್ತೆ."

ಅತ್ತೆ ಸೊಸೆಯ ಮುಖ ನೋಡಿದರು, ಆಮೇಲೆ ಮಗಳ ಮುಖ. ಚಪ್ಪಲಿ ಎಡಬಲ ತಪ್ಪಿತು, ಹಾಗೆಯೇ ಹೊರಟರು.

ಆಸ್ಪತ್ರೆಯ ಕೋಣೆಯಲ್ಲಿ ಚೂಟಿಯ ಎದೆಗೆ ತಂತಿಗಳನ್ನು ಅಂಟಿಸಿದರು. "ಕಚಗುಳಿ ಆಗುತ್ತೆ, ಅತ್ತಿಗೆ," ಎಂದು ಅವಳು ನಕ್ಕಳು. "ನನಗೆ ಹೊಸ ಆಟ." ಅವಳ ಅಣ್ಣ ಹೇಗೆ ಹೋದನೆಂದು ಸೊಸೆ ಡಾಕ್ಟರಿಗೆ ಹೇಳಿದಳು. ಕೆಲಸದ ವರದಿ ಒಪ್ಪಿಸುವ ಹಾಗೆ ಹೇಳಿದಳು. ಡಾಕ್ಟರಮ್ಮನ ಪೆನ್ನು ಅರ್ಧದಲ್ಲಿ ನಿಂತಿತು.

"ಎಷ್ಟು ದಿನದಿಂದ ಹೀಗಾಗ್ತಿದೆ ಇವಳಿಗೆ?"

"ಗೊತ್ತಿಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಅಂದ್ಕೊಂಡಿದ್ವಿ."

ಪರದೆಯ ಮೇಲೆ ಚೂಟಿಯ ಎದೆಬಡಿತದ ಹಸಿರು ಗೆರೆ ಓಡತೊಡಗಿತು. ಏರಿತು, ಇಳಿಯಿತು, ಏರಿತು. ಅತ್ತೆ ಗೋಡೆಯ ಕಡೆ ತಿರುಗಿ ನಿಂತರು. ಸೊಸೆ ರೆಪ್ಪೆ ಬಡಿಯದೆ ನೋಡಿದಳು. ನಿಲ್ಲಬಾರದು ಎಂದು ಬೇಡಿಕೊಂಡಳು. ನಿಲ್ಲುವುದಾದರೆ ಇಲ್ಲೇ, ಡಾಕ್ಟರಮ್ಮನ ಕಣ್ಣೆದುರಿಗೇ ನಿಲ್ಲಲಿ ಎಂದೂ ಬೇಡಿಕೊಂಡಳು.

ಗೆರೆ ತೊದಲಿತು.

"ಸಿಕ್ಕಿತು," ಎಂದು ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದಕ್ಕೆ ಔಷಧಿ ಇದೆ. ಇವತ್ತು ಇವಳು ಮನೆಗೆ ಹೋಗಲ್ಲ, ಇಲ್ಲೇ ಇರ್ತಾಳೆ."

ಚೂಟಿ ಈಗ ನಗಲಿಲ್ಲ. ಅತ್ತಿಗೆಯ ಬೆರಳು ಹುಡುಕಿ ಹಿಡಿದುಕೊಂಡಳು. ಗೆರೆ ಮತ್ತೆ ಏರಿತು, ಇಳಿಯಿತು. ಸೊಸೆ ಅದರಿಂದ ಕಣ್ಣು ತೆಗೆಯಲಿಲ್ಲ.