ಒಳಗಿನ ಪಟ್ಟಿ

ಆಪರೇಷನ್‌ಗೆ ಬೇಕಾದ ಕತ್ತರಿ, ಚಿಮುಟ, ಸುತ್ತಿಗೆಗಳನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಸುತ್ತಿ, ಉಗಿಯಲ್ಲಿ ಬೇಯಿಸಿ ಮೇಲಕ್ಕೆ ಕಳಿಸುವ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ದುಡಿಯುತ್ತಿದ್ದವಳಿಗೆ ಎರಡ್ಸಲಕ್ಕ ಎಂಬ ಹೆಸರು ಬಿದ್ದಿತ್ತು. ನಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಇನ್ನೊಮ್ಮೆ ಬಿಗಿ ಮಾಡುವಳು. ಮನೆಗೆ ಬೀಗ ಹಾಕಿ, ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತಾರಲ್ಲ, ಇವಳು ಅವನಿಗಿಂತ ಒಂದು ಕೈ ಮೇಲು. ಯಾರೂ ಏನೂ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುವ ಜೀವ.

ಆ ಕೆಲಸಕ್ಕೆ ಅಂಥ ಸ್ವಭಾವವೇ ಸರಿ ಎಂದು ಎಲ್ಲರೂ ಒಪ್ಪುತ್ತಿದ್ದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವಳು ಕೈ ಕಟ್ಟಿಕೊಂಡು ನಿಲ್ಲಬೇಕಿತ್ತು. ಪ್ರತಿ ಪ್ಯಾಕಿನ ಹೊರಗೆ ಅಂಟಿಸುವ ಟೇಪಿನ ಮೇಲೆ ತಿಳಿಬಣ್ಣದ ಗೆರೆಗಳಿರುತ್ತವೆ. ಉಗಿ ತಾಗಿದರೆ ಕಪ್ಪಾಗುತ್ತವೆ. ಒಳಗೆ, ಸಾಮಾನಿನ ನಡುವೆ, ಇನ್ನೊಂದು ಕಾಗದದ ಪಟ್ಟಿ. ಉಗಿ ಒಳಗಿನ ತನಕ ಹೋಯಿತೇ ಇಲ್ಲವೇ ಎಂದು ತಾನೂ ಕಪ್ಪಾಗಿ ಹೇಳುವುದು ಅದು. ಅದನ್ನು ನೋಡುವವರು ಮೇಲೆ ಥಿಯೇಟರಿನಲ್ಲಿ ಪ್ಯಾಕು ಬಿಚ್ಚುವ ಸಿಸ್ಟರ್ ಮಾತ್ರ. ಕೆಳಗಿನವರು ಬಿಚ್ಚಿದರೆ ಗಾಳಿ ಸೋಕಿ, ಅಷ್ಟು ಹೊತ್ತು ಬೇಯಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹತ್ತೊಂಬತ್ತು ವರ್ಷ ಅವಳು ಒಂದನ್ನೂ ಬಿಚ್ಚಿರಲಿಲ್ಲ. ಆದರೆ ಅಷ್ಟೂ ವರ್ಷ ಯಾವ ಪ್ಯಾಕಿನಲ್ಲೂ ಅವಳ ಅತ್ತೆಯ ಮೊಣಕಾಲಿಗೆ ಬೇಕಾದ ಸಾಮಾನು ಇರಲಿಲ್ಲ.

ಅತ್ತೆ ದರ್ಜಿ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ತುಳಿದು ಎರಡೂ ಮೊಣಕಾಲು ಸವೆದಿದ್ದವು. ಬಲಗಾಲಂತೂ ಎರಡು ವರ್ಷದಿಂದ ಮೆಟ್ಟಿಲೆಂದರೆ ಮುನಿಸಿಕೊಳ್ಳುತ್ತಿತ್ತು. ಮೊಣಕಾಲು ಬದಲಿಸುವ ಡಾಕ್ಟರು ಈ ಆಸ್ಪತ್ರೆಗೆ ಬರುವುದು ಎರಡು ತಿಂಗಳಿಗೊಂದು ದಿನ. ಮೊಣಕಾಲಿನ ಸಾಮಾನಿನ ಸೆಟ್ಟು ಇರುವುದೂ ಒಂದೇ.

ಅತ್ತೆಯ ಆಪರೇಷನ್ನಿನ ದಿನ ಬೆಳಗ್ಗೆ ಕೆಲಸಕ್ಕಿಳಿಯುವ ಮೊದಲು ಅವಳು ವಾರ್ಡಿಗೆ ಹೋದಳು. ಅತ್ತೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

"ಯಾರೇ ಇದನ್ನ ಹೊಲಿದಿದ್ದು? ಹಿಂದುಗಡೆ ಹೊಲಿಯೋದೇ ಮರೆತುಬಿಟ್ಟಿದ್ದಾರಲ್ಲ!"

"ಅದು ಹಾಗೇ ಇರೋದು ಅತ್ತೆ."

"ಇರ್ಲಿ ಇರ್ಲಿ, ಗಾಳಿ ಬರುತ್ತೆ. ನಿನ್ನ ಗಂಡ ಎಲ್ಲಿ?"

"ಬಸ್ಸಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಬರ್ತಾರೆ. ಅತ್ತೆ, ಭಯ ಇಲ್ವಾ?"

"ಯಾಕಿಲ್ಲ? ಕೈ ಮುಟ್ಟಿ ನೋಡು, ಮಂಜುಗಡ್ಡೆ. ಕರ್ತನ ಮೇಲೆ ಭರವಸೆ ಇರೋರಿಗೆ ಭಯ ಇರಲ್ಲ ಅಂತ ಯಾರು ಹೇಳಿದ್ದು? ಎರಡೂ ಇದೇ ಮಂಚದಲ್ಲಿ ಮಲಗಿವೆ. ಭರವಸೆ ಸ್ವಲ್ಪ ದಪ್ಪ, ಹೆಚ್ಚು ಜಾಗ ಹಿಡ್ಕೊಂಡಿದೆ ಅಷ್ಟೇ."

ಅವಳಿಗೆ ನಗು ಬರಲಿಲ್ಲ. ಕೆಳಗಿಳಿದು ಹೋದಳು.

ಉಗಿಯ ಯಂತ್ರ ನೋಡಿಕೊಳ್ಳುವ ಹಿರಿಯನನ್ನು ಎಲ್ಲರೂ ಉಗಿಯಣ್ಣ ಅನ್ನುತ್ತಿದ್ದರು. ಅವನು ನಸುಕಿನಲ್ಲೇ ಬಂದು ಮೊದಲ ಸುತ್ತು ಬೇಯಿಸಿ, ಪ್ಯಾಕುಗಳನ್ನು ಆರಲು ಇಟ್ಟಿದ್ದ. ಮೊಣಕಾಲಿನ ಸೆಟ್ಟು ಸ್ಟೀಲಿನ ಕಪಾಟಿನ ಮಧ್ಯದ ಹಲಗೆಯಲ್ಲಿತ್ತು. ಟೇಪಿನ ಗೆರೆಗಳು ಕಪ್ಪಾಗಿದ್ದವು. ಯಂತ್ರದ ಪರೀಕ್ಷೆಯೂ ಸರಿಬಂದಿತ್ತು. ಎಲ್ಲವನ್ನೂ ಅವಳು ನೋಡಿದಳು, ಮತ್ತೆ ನೋಡಿದಳು.

ಹೊರಗೆ ಕಪ್ಪಾಗಿದೆ ಸರಿ. ಒಳಗೆ?

ಉಗಿಯಣ್ಣ ಆಚೆ ಬದಿಯಲ್ಲಿ ಯಂತ್ರದ ಬಾಗಿಲು ಒರೆಸುತ್ತಿದ್ದ. ಕೈ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಟೇಪು ಹರಿಯದೆ ಸಲೀಸಾಗಿ ಎದ್ದು ಬಂತು. ಮೊದಲ ಬಟ್ಟೆ, ಎರಡನೇ ಬಟ್ಟೆ. ಒಳಗಿನ ಪಟ್ಟಿ ಇದ್ದಿಲಿನಷ್ಟು ಕಪ್ಪಗಿತ್ತು. ಅಬ್ಬ ಎಂದು ಉಸಿರು ಬಿಟ್ಟಳು. ಬಿಟ್ಟ ಉಸಿರು ಸಾಮಾನಿನ ಮೇಲೆ ಬಿತ್ತು. ಆಗಲೇ ತಾನೇನು ಮಾಡಿದೆನೆಂದು ಹೊಳೆದದ್ದು.

ಬಟ್ಟೆ ಮಡಚಿದಳು. ಹಳೆಯ ಟೇಪಿನಲ್ಲಿ ಇನ್ನೂ ಅಂಟು ಉಳಿದಿತ್ತು, ಒತ್ತಿದರೆ ಕೂರುತ್ತಿತ್ತು. ನೋಡಿದವರು ಯಾರೂ ಇಲ್ಲ. ಹತ್ತು ಕ್ಷಣದ ಗಾಳಿ, ಏನಾದೀತು? ಹೇಳಿದರೆ ಮತ್ತೆ ಮೊದಲಿನಿಂದ ಬೇಯಿಸಬೇಕು. ಡಾಕ್ಟರು ಮಧ್ಯಾಹ್ನ ಹೊರಟುಬಿಡುತ್ತಾರೆ. ಅತ್ತೆ ಇನ್ನೆರಡು ತಿಂಗಳು ಗೋಡೆ ಹಿಡಿದು ನಡೆಯಬೇಕು, ಅದೂ ಸೊಸೆಯ ಕೈಚಳಕದಿಂದ. ಹೇಳದಿದ್ದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮೊಣಕಾಲಿನೊಳಗೆ ಏನಾದರೂ ಸೇರಿಕೊಂಡರೆ ಮಾತ್ರ...

ಹೀಗೇ ಒಮ್ಮೆ ಆಗಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಟ್ರೇ ಗ್ಲೌಸನ್ನು ಯಂತ್ರದಲ್ಲಿ ಸುಟ್ಟಿದ್ದಳು. ತಪ್ಪು ಜೊತೆಯವಳ ತಲೆಗೆ ಬಂತು, ಇವಳು ತುಟಿ ಬಿಚ್ಚಲಿಲ್ಲ. ಆಮೇಲೆ ಹೋಗಿ ಹೇಳಿಕೊಂಡಳು. ಜೊತೆಯವಳು ನಕ್ಕು ಕ್ಷಮಿಸಿ ಟೀ ಕುಡಿಸಿ ಕಳಿಸಿದಳು. ಇವಳು ದೇವರಲ್ಲೂ ಕ್ಷಮೆ ಬೇಡಿಕೊಂಡಳು. ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಂದಿನಿಂದ ಪ್ರತಿದಿನದ ಪ್ರಾರ್ಥನೆಯಲ್ಲಿ ಅದೇ ಟ್ರೇ, ಅದೇ ಗ್ಲೌಸು.

ಟೇಪನ್ನು ಅಂಟಿಸಲಿಲ್ಲ. ಉಂಡೆ ಮಾಡಿ ಬುಟ್ಟಿಗೆ ಎಸೆದಳು.

"ಉಗಿಯಣ್ಣ, ಮೊಣಕಾಲಿನ ಸೆಟ್ಟು ಬಿಚ್ಚಿಬಿಟ್ಟೆ. ಇನ್ನೊಂದ್ಸಲ ಹಾಕ್ಬೇಕು."

ಉಗಿಯಣ್ಣ ಒರೆಸುವ ಬಟ್ಟೆ ಹಿಡಿದೇ ತಿರುಗಿದ. "ಬಿದ್ದೋಯ್ತಾ?"

"ಇಲ್ಲ. ಬೇಕಂತಲೇ."

ಅವನು ಅವಳ ಮುಖ ನೋಡಿದ, ಪ್ಯಾಕು ನೋಡಿದ. "ಎರಡ್ಸಲಕ್ಕ ಅಂತ ಕರೆದಿದ್ದು ನಮ್ದೇ ತಪ್ಪು ಬಿಡಮ್ಮ," ಎಂದು ಯಂತ್ರದ ಬಾಗಿಲು ತೆರೆದ. "ಹೊಸ ಪಟ್ಟಿ ಹಾಕಿ ಸುತ್ತಿ ಕೊಡು. ಸಿಸ್ಟರಿಗೆ ಮಾತ್ರ ನೀನೇ ಹೇಳ್ಬೇಕು. ನಂಗೆ ಇನ್ನೂ ಮೂರು ವರ್ಷ ಸರ್ವೀಸಿದೆ."

ಥಿಯೇಟರಿನ ದೊಡ್ಡ ಸಿಸ್ಟರ್ ಬೈಯುವವರಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕನ್ನಡಕದ ಮೇಲಿಂದ ನೋಡಿದರು.

"ಹತ್ತೊಂಬತ್ತು ವರ್ಷಕ್ಕೆ ಮೊದಲನೇ ಸಲ. ಅದೂ ಸ್ವಂತ ಅತ್ತೇದು."

"ಹೌದು ಸಿಸ್ಟರ್."

"ಹೇಳದೇ ಇದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ ಸಿಸ್ಟರ್."

ಸಿಸ್ಟರ್ ರಿಜಿಸ್ಟರು ಅವಳ ಕಡೆ ತಿರುಗಿಸಿದರು. "ಬರೀರಿ. ಡಾಕ್ಟರಿಗೆ ಇವತ್ತು ಒಂದು ಭುಜದ ಕೇಸೂ ಇದೆ, ಅದನ್ನ ಮೊದಲು ತಗೊಳ್ಳೋಕೆ ಕೇಳ್ತೀನಿ. ಅದು ಎಳೀತು ಅಂದ್ರೆ ನಿಮ್ಮತ್ತೆ ಇವತ್ತು ಇಲ್ಲ. ಅದನ್ನೂ ನೀವೇ ಹೋಗಿ ಹೇಳಿ."

ಅವಳು ಬರೆದಳು: ಮೊಣಕಾಲಿನ ಸೆಟ್ಟನ್ನು ಕಾರಣವಿಲ್ಲದೆ ನಾನೇ ಬಿಚ್ಚಿದೆ. ಕೆಳಗೆ ಸಹಿ. ಅಷ್ಟು ಸಣ್ಣ ವಾಕ್ಯ. ಬರೆದ ಮೇಲೆ ಮೈ ಹಗುರಾಯಿತು.

ವಾರ್ಡಿನಲ್ಲಿ ಅತ್ತೆ ಪಕ್ಕದ ಮಂಚದವರಿಗೆ ಕುಪ್ಪಸದ ತೋಳು ಬಿಗಿಯಾಗದಂತೆ ಕತ್ತರಿಸುವುದು ಹೇಗೆಂದು ಹೇಳಿಕೊಡುತ್ತಿದ್ದರು. ಸೊಸೆಯ ಮುಖ ನೋಡಿ ನಿಲ್ಲಿಸಿದರು.

"ಅತ್ತೆ, ತಡ ಆಗುತ್ತೆ. ಇವತ್ತು ಆಗದೇ ಹೋದರೂ ಹೋಗಬಹುದು. ನನ್ನಿಂದಲೇ."

"ಏನ್ ಮಾಡ್ದೆ?"

"ನಿಮ್ಮ ಸಾಮಾನಿನ ಪ್ಯಾಕು ಬಿಚ್ಚಿಬಿಟ್ಟೆ."

"ಯಾಕೆ, ಸರಿಯಾಗಿ ಬೆಂದಿರ್ಲಿಲ್ವಾ?"

"ಬೆಂದಿತ್ತು."

"ಮತ್ತೆ?"

"ಬೆಂದಿದೆಯಾ ಅಂತ ನೋಡೋಕೆ ಬಿಚ್ಚಿದೆ."

ಅತ್ತೆ ಮಂಚ ಕಿರುಗುಟ್ಟುವಂತೆ ನಕ್ಕರು. "ಅಯ್ಯೋ ನಿನ್ನ! ನಲವತ್ತು ವರ್ಷ ಯಂತ್ರ ತುಳಿದಿದ್ದೀನಿ. ಹೊಲಿಗೆ ಗಟ್ಟಿ ಇದೆಯಾ ಅಂತ ನೋಡೋಕೆ ಹೊಲಿಗೇನೇ ಬಿಚ್ಚೋ ದರ್ಜೀನ ಇವತ್ತೇ ನೋಡಿದ್ದು!"

ಅವಳ ಕಣ್ಣು ತುಂಬಿತು. ಅತ್ತೆ ನಗು ನಿಲ್ಲಿಸಿ ಮಂಚದ ಅಂಚನ್ನು ತಟ್ಟಿದರು. "ಕೂತ್ಕೋ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಮ್ಮ ಮನೆ ಗೋಡೆ ತೆಳು."

"ಗೋಡೆನಾ?"

"ಹೂಂ. ನಿನ್ನ ಪ್ರಾರ್ಥನೆ ಈಚೆ ಕೇಳ್ಸುತ್ತೆ. ಆ ಗ್ಲೌಸಿನ ಕಥೆ ನಂಗೆ ಬಾಯಿಪಾಠ. ದೇವರಿಗೂ ಆಗಿರ್ಬೇಕು, ಪಾಪ."

ಅವಳ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ, ಇಷ್ಟು ವರ್ಷ ಪಾಸ್ಟರನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು. "ಅವನು ನಿಜವಾಗಿ ಕ್ಷಮಿಸಿದ್ದಾನೆ ಅಂತ ಹೇಗೆ ಗೊತ್ತಾಗೋದು ಅತ್ತೆ? ಸಭೇಲಿ ಹಾಡ್ತೀನಿ, ಎಲ್ಲರ ಜೊತೆ ಆಮೆನ್ ಅಂತೀನಿ. ಹೊರಗೆಲ್ಲ ಸರಿಯಾಗೇ ಕಾಣುತ್ತೆ. ಒಳಗೆ ಇನ್ನೂ ಹಸಿ ಇದ್ರೆ?"

"ಅದಕ್ಕೇ ದಿನಾ ಬಿಚ್ಚಿ ನೋಡ್ತೀಯಾ?"

ಅವಳು ಹಾಸಿಗೆಯ ಸುಕ್ಕನ್ನು ಎರಡು ಸಲ ಸವರಿದಳು.

"ಶಿಲುಬೆ ಮೇಲೆ ಯೇಸು ಅರ್ಧ ಕೆಲಸ ಮಾಡಿ ಬಿಟ್ಟು ಹೋದನೇನೇ, ಮಿಕ್ಕಿದ್ದು ನೀನು ನೋಡ್ಕೋ ಅಂತ? ಪೂರ್ತಿ ಮಾಡಿದ. ಕಟ್ಟಿ ಮುದ್ರೆ ಒತ್ತಿದ. ಬಿಚ್ಚಿ ನೋಡೋನು ಮೇಲಿದ್ದಾನೆ, ನೋಡೋ ದಿನಾನೂ ಅವನಿಗೇ ಗೊತ್ತು. ಅವತ್ತು ಒಳಗೆ ಸಿಗೋದು ನಿನ್ನ ಒಳ್ಳೇತನದ ಪಟ್ಟಿ ಅಲ್ಲ ಕಣೇ, ಅವನದೇ. ಅದು ಕಪ್ಪಾಗದೇ ಇರುತ್ತಾ?"

"ಹಾಗಾದ್ರೆ ಮನುಷ್ಯ ಹೇಗ್ ಬೇಕಾದ್ರೂ ಇರಬಹುದಲ್ಲ?" ಅವಳ ಗಾಬರಿಗೆ ಯಾವ ಕಡೆ ಹೋದರೂ ಒಂದು ಗುಂಡಿ ಕಾಣುತ್ತಿತ್ತು.

"ಬೇಯಿಸಿಟ್ಟ ಕತ್ತರೀಲಿ ತರಕಾರಿ ಹೆಚ್ತೀಯಾ?"

"ಛೆ, ಅದು ಥಿಯೇಟರಿಗೆ ಅಂತ ಬೇರೆ ಇಟ್ಟಿರೋದು!"

"ನೋಡು, ಪವಿತ್ರ ಅಂದ್ರೆ ಏನು ಅಂತ ನಿಂಗೆ ನನಗಿಂತ ಚೆನ್ನಾಗಿ ಗೊತ್ತು. ಬೇರೆ ಇಟ್ಟಿರೋದು. ಕಪಾಟಿನ ಮುಂದೆ ಕೂತು ನೋಡ್ತಾ ಇರೋಕಲ್ಲ, ಕೆಲಸಕ್ಕೆ. ಇವತ್ತು ಹೋಗಿ ನಾನೇ ಬಿಚ್ಚಿದೆ ಅಂದ್ಯಲ್ಲ, ಅದು ಕೆಲಸ. ಆ ಗ್ಲೌಸು ಸುಟ್ಟಾಗ ಬಾಯಿ ಬಿಡದೇ ಇದ್ದೋಳು ನೀನೇ ಅಲ್ವಾ? ಇವತ್ತು ಯಾರು ಬಾಯಿ ಬಿಡಿಸಿದ್ದು?"

ಅದನ್ನು ಅವಳು ಯೋಚಿಸಿರಲಿಲ್ಲ. ಯೋಚಿಸುತ್ತಾ ಅತ್ತೆಯ ತಣ್ಣನೆಯ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ತಿಕ್ಕಿದಳು.

"ಇವತ್ತು ಆಗದೇ ಹೋದ್ರೆ?"

"ಇನ್ನೆರಡು ತಿಂಗಳು ನಿನ್ನ ಹೆಗಲು ಹಿಡ್ಕೊಂಡು ನಡೀತೀನಿ. ಶಿಕ್ಷೆ ನಿಂಗೇ. ಈಗ ಎದ್ದೋಗು, ಇವರಿಗೆ ಕಂಕುಳ ಅಳತೆ ಹೇಳೋದು ಅರ್ಧಕ್ಕೇ ನಿಂತಿದೆ."

ಭುಜದ ಕೇಸು ಎಳೆಯಲಿಲ್ಲ. ಹತ್ತು ಗಂಟೆಗೆ ಥಿಯೇಟರಿನಿಂದ ಫೋನು ಬಂತು: ಮೊಣಕಾಲಿನ ಸೆಟ್ಟು ಕಳಿಸಿ.

ಎರಡನೇ ಸಲ ಬೆಂದ ಸೆಟ್ಟು ಆರಿತ್ತು. ಹೊರಗಿನ ಗೆರೆಗಳು ಕಪ್ಪಾಗಿದ್ದವು. ಯಂತ್ರದ ಪರೀಕ್ಷೆಯ ಕಾಗದಕ್ಕೆ ಉಗಿಯಣ್ಣ ಸಹಿ ಹಾಕಿದ್ದ.

"ನಾನು ಇಟ್ಟು ಬರ್ಲೇನಮ್ಮ? ನಿನ್ನ ಕೈ ಸುಮ್ನಿರಲ್ಲ."

"ಬೇಡಣ್ಣ, ನಾನೇ ಇಡ್ತೀನಿ."

ಪ್ಯಾಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಾಮಾನು ಮೇಲೆ ಹೋಗುವ ಪುಟ್ಟ ಲಿಫ್ಟಿನ ತನಕ ಎಂಟು ಹೆಜ್ಜೆ ನಡೆದಳು. ಆ ಎಂಟು ಹೆಜ್ಜೆಯಲ್ಲಿ ಹೆಬ್ಬೆರಳು ತಾನಾಗಿ ಟೇಪಿನ ತುದಿಯನ್ನು ಹುಡುಕಿಕೊಂಡಿತು. ಉಗುರು ಅದರ ಅಡಿಗೆ ಹೋಗುವಷ್ಟು ಜಾಗವೂ ಇತ್ತು. ಒಳಗೆ ಹಸಿ ಇದ್ದರೆ ಎಂದು ಅದೇ ಹಳೆಯ ದನಿ ಕೇಳಿತು. ಇದ್ದರೆ ಮೇಲಿನವರು ನೋಡುತ್ತಾರೆ, ಎಂದು ಅವಳು ಆ ದನಿಗೆ ಹೇಳಿದಳು. ಹೆಬ್ಬೆರಳನ್ನು ಎತ್ತಿದಳು. ಪ್ಯಾಕನ್ನು ಲಿಫ್ಟಿನೊಳಗಿಟ್ಟು, ಬಾಗಿಲು ಎಳೆದು, ಗುಂಡಿ ಒತ್ತಿದಳು. ಹಗ್ಗ ಗರಗರ ಎಂದಿತು. ಪ್ಯಾಕು ಅವಳ ಕೈಗೆ ಸಿಗದ ಕಡೆಗೆ ಹೋಯಿತು.

ಅಲ್ಲೇ ಕಣ್ಣು ಮುಚ್ಚಿದಳು. ತಂದೆಯೇ ಎಂದಳು. ನಾಲಿಗೆ ಅಭ್ಯಾಸಬಲದಿಂದ ಟ್ರೇ, ಗ್ಲೌಸು ಎಂದು ಹೊರಟಿತು. ಹೊರಟ ಮಾತನ್ನು ತಡೆದಳು. ಅದರ ಬದಲಿಗೆ ಹೇಳಲು ಏನೂ ಸಿದ್ಧವಿರಲಿಲ್ಲ. ಕೊನೆಗೆ, "ನಿನಗೆ ವಂದನೆ," ಎಂದಳು. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಭುಜದ ಕೇಸಿನ ಸಾಮಾನು ಕೆಳಗೆ ಬಂದಿತ್ತು, ಕೊಳೆಯಾಗಿ, ರಕ್ತ ಒಣಗುವ ಮೊದಲು ತೊಳೆಯಬೇಕಾದದ್ದು. ಅವಳು ತೊಳೆಯುವ ಗ್ಲೌಸು ಏರಿಸಿ ನಲ್ಲಿ ಬಿಟ್ಟಳು. ಒಂದೊಂದೇ ಚಿಮುಟದ ಹಲ್ಲುಗಳ ನಡುವೆ ಬ್ರಷ್ಷು ಹಾಕಿ ಉಜ್ಜಿದಳು. ನೀರು ಕೆಂಪಾಗಿ, ನಸುಗೆಂಪಾಗಿ, ತಿಳಿಯಾಯಿತು. ಬೆಳಕಿಗೆ ಹಿಡಿದು ನೋಡಿ ಒಣಗಲು ಇಟ್ಟಳು. ಮುಂದಿನದು. ಗೊತ್ತಿಲ್ಲದೆಯೇ ಭಾನುವಾರದ ಒಂದು ರಾಗ ಬಾಯಿಗೆ ಬಂದಿತ್ತು. ಉಗಿಯಣ್ಣ ಆಚೆಯಿಂದ, "ರೇಡಿಯೋ ಸ್ವಲ್ಪ ಜೋರು ಮಾಡಮ್ಮ," ಎಂದ.

ಹನ್ನೆರಡೂವರೆಗೆ ಫೋನು ಬಡಿದುಕೊಂಡಿತು. ಒದ್ದೆ ಗ್ಲೌಸು ಕಳಚಿ ಓಡಿದಳು. ದೊಡ್ಡ ಸಿಸ್ಟರ್.

"ಮುಗೀತಾ ಬಂತು. ಎಲ್ಲ ಸರಿಯಾಗಿದೆ. ನಾವು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದು ನೋಡಿ, ಬಾಯಿ ಎಚ್ಚರವಾಗೇ ಇದೆ. ಹೊಲಿಗೆ ಎಷ್ಟೆಷ್ಟು ದೂರಕ್ಕೆ ಹಾಕ್ತಿದ್ದೀರಿ ಅಂತ ಡಾಕ್ಟರನ್ನ ಮೂರು ಸಲ ಕೇಳಿದ್ರು. ಡಾಕ್ಟರು ನಗ್ತಾ ಸೂಜಿ ಕೆಳಗಿಟ್ಟುಬಿಟ್ರು. ಬಂದು ಸ್ವಲ್ಪ ಹೇಳ್ತೀರಾ?"

"ನಾನು ಹೇಳಿದ್ರೆ ಕೇಳ್ತಾರಾ ಸಿಸ್ಟರ್!"

ಫೋನು ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತಳು. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು. ಉಗಿಯಣ್ಣ ಬಾಗಿಲಲ್ಲಿ ನಿಂತಿದ್ದ.

"ಏನಂತಮ್ಮ?"

"ಡಾಕ್ಟರಿಗೆ ಹೊಲಿಗೆ ಕಲಿಸ್ತಿದ್ದಾರಂತೆ."

"ಹಾಗಾದ್ರೆ ಚೆನ್ನಾಗೇ ಇದ್ದಾರೆ. ಒಳಗಿನ ಪಟ್ಟಿ ಹೇಗಿತ್ತಂತೆ?"

ಅವಳು ಅವನ ಮುಖವನ್ನೇ ನೋಡಿದಳು.

"ಕೇಳೋದೇ ಮರೆತೆ ಅಣ್ಣ," ಎಂದಳು.