ಯಮನೂರಪ್ಪನ ಹಿಂದಿದ್ದ ಕ್ವಾರಿ

ನಾನು ಒಂದು ಮೌಸ್. ಕಪ್ಪು ಪ್ಲಾಸ್ಟಿಕ್ಕಿನ ಮೈ, ಎರಡು ಗುಂಡಿ, ನಡುವೆ ಒಂದು ಗಾಲಿ, ಹಿಂದೆ ಉದ್ದನೆಯ ವೈರು. ಇಲಿಯ ಹೆಸರು ಇಟ್ಟುಕೊಂಡಿದೆ ಎಂದು ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಆದರೆ ಈ ಕುಷ್ಟಗಿಯಲ್ಲಿ ನನ್ನಷ್ಟು ಜನರ ಕಿವಿ, ಕೂದಲು, ಭುಜಗಳ ಅಂಚಿನಲ್ಲಿ ಇಂಚಿಂಚಾಗಿ ತೆವಳಿದ ಪ್ರಾಣಿ ಇನ್ನೊಂದಿಲ್ಲ. ಅದೇ ನನ್ನ ಕಸುಬು. ಆ ಕಸುಬಿನಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕಾಗಿದೆ. ಅದರ ಬಗ್ಗೆ ನನಗೆ ಹೆಮ್ಮೆಯಿಲ್ಲ.

ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ. ಒಬ್ಬ ಹೆಂಗಸಿನ ಹೆಬ್ಬೆರಳು ನನ್ನ ಹೊಟ್ಟೆಯ ಮುಚ್ಚಳವನ್ನು ಒತ್ತಿ ಕೂರಿಸಿತು, ಎರಡೂ ಗುಂಡಿಗಳನ್ನು ಟಕ್ ಟಕ್ ಎನಿಸಿ ನೋಡಿತು, ಡಬ್ಬಿಗೆ ಹಾಕಿತು. ಅಷ್ಟೇ ನನ್ನ ಬಾಲ್ಯ. ಅವಳ ಮುಖ ನಾನು ನೋಡಲಿಲ್ಲ. ನಮ್ಮ ಜಾತಿಯೇ ಹಾಗೆ. ಯಜಮಾನರ ಅಂಗೈ ಮೊದಲು ಗೊತ್ತಾಗುತ್ತದೆ, ಮುಖ ಆಮೇಲೆ, ಅದೂ ಬೆರಳುಗಳ ಸಂದಿಯಿಂದ, ಕೆಳಗಿನಿಂದ.

ಮೊದಲು ಸೇರಿದ್ದು ತಹಶೀಲ್ದಾರ್ ಕಚೇರಿ ಎದುರಿನ ಒಂದು ಝೆರಾಕ್ಸ್ ಅಂಗಡಿಯನ್ನು. ಅಲ್ಲಿನ ಯಜಮಾನನ ಅಂಗೈ ಯಾವಾಗಲೂ ಬೆವರುತ್ತಿತ್ತು. ಕಂಪ್ಯೂಟರ್ ನಿಧಾನವಾದರೆ ನನ್ನನ್ನು ಎತ್ತಿ ಟೇಬಲ್ಲಿಗೆ ಕುಟ್ಟುತ್ತಿದ್ದ, ತಪ್ಪೆಲ್ಲ ನನ್ನದೇ ಅನ್ನುವ ಹಾಗೆ. ಎರಡು ವರ್ಷ ಅರ್ಜಿ, ಅಫಿಡವಿಟ್ಟು, ಪಹಣಿ ಎಂದು ನನ್ನನ್ನು ಓಡಾಡಿಸಿದ. ಅಂಗಡಿ ಮುಚ್ಚುವಾಗ ಕಂಪ್ಯೂಟರಿನ ಜೊತೆ ನನ್ನನ್ನೂ ಬಸ್ ಸ್ಟ್ಯಾಂಡ್ ಹಿಂದಿನ ಫೋಟೊ ಸ್ಟುಡಿಯೊಕ್ಕೆ ಮಾರಿದ. ಪೀಡೆ ತೊಲಗಿತು ಅಂದುಕೊಂಡೆ.

ಸ್ಟುಡಿಯೊ ಮೌನೇಶ ಪತ್ತಾರನದು. ಅವನದು ಬಂಗಾರದ ಕೆಲಸದವರ ಮನೆ. ಅಪ್ಪ ಬೋರಮಾಳ, ಗುಂಡು ಮಾಡಿ ಹೆಸರಾಗಿದ್ದವನು. ಜನ ಶೋರೂಮಿನ ದಾರಿ ಹಿಡಿದ ಮೇಲೆ ಮಗ ಕ್ಯಾಮೆರಾ ಹಿಡಿದ. ಆದರೆ ಕೈ ಅಪ್ಪನದೇ. ನಡುಕವಿಲ್ಲ, ಅವಸರವಿಲ್ಲ, ಒಣಗಿದ ಅಂಗೈ. ಅವನ ಕೈಕೆಳಗೆ ಮೊದಲ ದಿನ ಒಂದು ಹೆಣ್ಣುಮಗಳ ಜಡೆಯ ಸುತ್ತ ತಿರುಗಿದಾಗ, ನನಗೂ ಒಂದು ವಿದ್ಯೆ ಇದೆ ಎಂದು ಗೊತ್ತಾಯಿತು.

ನಮ್ಮ ಮುಖ್ಯ ಕೆಲಸ ಹಿಂದಿನದನ್ನು ತೆಗೆಯುವುದು. ಮನುಷ್ಯನಿಗೆ ತನ್ನ ಮುಖ ಬೇಕು, ತಾನು ನಿಂತ ಜಾಗ ಬೇಡ. ಒಬ್ಬನಿಗೆ ಹಿಂದಿನ ದನದ ಕೊಟ್ಟಿಗೆ ಬೇಡ, ಇನ್ನೊಬ್ಬಳಿಗೆ ಪಕ್ಕದಲ್ಲಿ ನಿಂತ ನೆಗೆಣ್ಣಿ ಬೇಡ. ತೆಗೆದು ಜಲಪಾತ ಹಾಕುತ್ತಿದ್ದೆವು, ಹಿಮದ ಗುಡ್ಡ ಹಾಕುತ್ತಿದ್ದೆವು. ಸತ್ತವರಿಗೆ ಮಾತ್ರ ನೀಲಿ ಆಕಾಶ, ಬಿಳಿ ಮೋಡ. ಗಂಡಸಾದರೆ ಮೇಲೊಂದು ಕೋಟು. ಹೌದು, ಇದು ನಮ್ಮ ಕಡೆಯ ರೂಢಿ. ಬದುಕಿದ್ದಾಗ ಎಲ್ಲ ಗುಂಡಿಯೂ ಇರುವ ಅಂಗಿ ತೊಡದವನಿಗೂ ಸತ್ತ ಮೇಲೆ ಕೋಟು, ಟೈ. ಕತ್ತಿನವರೆಗೆ ಅವನ ಮುಖ, ಕೆಳಗೆ ಕಂಪ್ಯೂಟರಿನಲ್ಲಿ ತಯಾರಿಟ್ಟ ಮೈ. ತಾಲ್ಲೂಕಿನ ಅರ್ಧ ಗೋಡೆಗಳ ಮೇಲೆ ಒಂದೇ ಕೋಟು ತೂಗುತ್ತಿದೆ, ನನಗೆ ಗೊತ್ತು.

ಕೆಲಸದ ಬಗೆ ಸ್ವಲ್ಪ ಹೇಳಬೇಕು, ಮುಂದಿನ ಕಥೆಗೆ ಅದು ಬೇಕು. ಒಳ್ಳೆಯ ಕೆಲಸಗಾರ ಹಿಂದಿನ ಚಿತ್ರವನ್ನು ಅಳಿಸುವುದಿಲ್ಲ. ಅದರ ಮೇಲೆ ಮಾಸ್ಕ್ ಎನ್ನುವ ಒಂದು ಪರದೆ ಹಾಕುತ್ತಾನೆ. ಪರದೆಗೆ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ. ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಪದರಗಳನ್ನು ಹಾಗೇ ಇಟ್ಟುಕೊಂಡರೆ ಹತ್ತು ವರ್ಷದ ಮೇಲೂ ಮರೆಯಾದದ್ದನ್ನು ಹೊರಗೆ ತರಬಹುದು. ಮೌನೇಶನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಆದರೆ ಗಿರಾಕಿ ಒಪ್ಪಿದ ಕೂಡಲೇ ಪದರಗಳನ್ನು ಒಂದು ಮಾಡಿ ಸೇವ್ ಮಾಡುವುದು, ಉಳಿದದ್ದನ್ನೆಲ್ಲ ಕಸದ ಡಬ್ಬಿಗೆ ಹಾಕಿ ಖಾಲಿ ಮಾಡುವುದು ಅವನ ಚಾಳಿ. ಮದುವೆ ಆಲ್ಬಮ್ಮುಗಳಿಂದ ಕಂಪ್ಯೂಟರಿನ ಹೊಟ್ಟೆ ಯಾವಾಗಲೂ ತುಂಬಿರುತ್ತಿತ್ತು, ಜಾಗ ಬೇಕಲ್ಲ.

ಒಂದು ಶ್ರಾವಣದಲ್ಲಿ ಹುಲಿಗೆವ್ವ ಬಂದಳು. ಗಂಡ ಯಮನೂರಪ್ಪ ಸತ್ತು ಒಂಬತ್ತು ದಿನವಾಗಿತ್ತು. ಅವನು ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ಕೊರೆದು ನಿಲ್ಲಿಸಿದ್ದ ಬಂಡೆ ಜಾರಿ ಮೈಮೇಲೆ ಬಿತ್ತಂತೆ. ಅವಳ ಕೈಯಲ್ಲಿ ಗಂಡನ ಫೋನಿತ್ತು. ಅದರಲ್ಲಿ ಒಂದೇ ಒಂದು ಚಿತ್ರ. ಹೆಗಲ ಮೇಲೆ ಟವೆಲ್ಲು ಹಾಕಿ, ಧೂಳು ಹಿಡಿದ ಬನೀನಿನಲ್ಲಿ ಯಮನೂರಪ್ಪ ನಿಂತಿದ್ದ. ಹಿಂದೆ ಕೆಂಪು ಕಲ್ಲಿನ ಗೋಡೆ, ಹಳೆಯ ಕ್ರೇನು, ಕ್ವಾರಿಯ ಹೆಸರು ಬರೆದ ತಗಡಿನ ಬೋರ್ಡು.

“ದಿನದ ಕಾರ್ಯಕ್ಕ ಹಾರ ಹಾಕಾಕ ಒಂದು ಫೋಟೊ ಬೇಕ್ರಿ ಅಣ್ಣಾರ” ಅಂದಳು.

“ಬ್ಯಾರೆದು ಇಲ್ಲೇನು ತಂಗಿ?”

“ಮದಿವ್ಯಾಗ ತಗಸಿದ್ದು ಗೆದ್ದಲ ತಿಂತು. ಇದೊಂದ ಐತ್ರಿ. ಅವರ ಜೋಡಿ ಕೆಲಸಕ್ಕಿದ್ದ ಒಡಿಶಾದಾಂವ ಹೊಡದಿದ್ದ.” ಫೋನನ್ನು ಮುಂದೆ ಚಾಚಿ ಹೇಳಿದಳು, “ಹಿಂದಿನ ಕ್ವಾರಿ ತಗದ್ ಬಿಡ್ರಿ. ಅವರನ್ನ ತಿಂದದ್ದ ಅದು. ದಿನಾ ಎದ್ದು ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ.”

ಮೌನೇಶ ಆ ಚಿತ್ರಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಟ್ಟ. ನನ್ನನ್ನು ಯಮನೂರಪ್ಪನ ಕಿವಿಯ ಸುತ್ತ, ಮೀಸೆಯ ತುದಿಯಲ್ಲಿ, ನೆಟ್ಟಗೆ ನಿಂತಿದ್ದ ನಾಲ್ಕು ಕೂದಲಿನ ನಡುವೆ ನಡೆಸಿದ. ಟವೆಲ್ಲು ಹೋಯಿತು, ಬನೀನು ಹೋಯಿತು, ಕ್ರೇನು ಹೋಯಿತು, ಬೋರ್ಡು ಹೋಯಿತು. ಕೋಟು ಬಂತು, ಮೋಡ ಬಂತು. ಹುಲಿಗೆವ್ವ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡ ಯಾವುದೋ ಕಚೇರಿಯ ಸಾಹೇಬನಂತೆ ಕಾಣುತ್ತಿದ್ದ.

“ಫೋನಿನಾಗಿಂದೂ ತಗದು ಇದನ್ನ ಹಾಕಿ ಕೊಡ್ರಿ” ಅಂದಳು.

ತೆಗೆದ. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನನ್ನ ಎಡಗುಂಡಿಯನ್ನೇ ಒತ್ತಿ ತೆಗೆದ. ಆ ವಾರದ ಕೊನೆಗೆ ಕಂಪ್ಯೂಟರಿನ ಕಸದ ಡಬ್ಬಿಯೂ ಖಾಲಿಯಾಯಿತು. ನನಗೆ ಏನೂ ಅನ್ನಿಸಲಿಲ್ಲ. ಇಷ್ಟು ಚಂದ ಕೆಲಸ ಮಾಡಿದೆವಲ್ಲ ಎಂದು ಬೀಗಿದೆ, ಬುದ್ಧಿ ಇಲ್ಲದ ನಾನು.

ದೀಪಾವಳಿ ಕಳೆದು ಹುಲಿಗೆವ್ವ ಮತ್ತೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ.

“ಅಣ್ಣಾರ, ಅವತ್ತು ಹಿಂದಿಂದು ತಗದ್ರೆಲ್ಲಾ, ಅದು ವಾಪಸ್ ಬೇಕಾಗೈತ್ರಿ.”

“ಯಾಕ ತಂಗಿ?”

“ಕ್ವಾರಿ ಸಾವಕಾರ ಅಂತಾನ್ರಿ, ಯಮನೂರಪ್ಪ ಅನ್ನಾಂವ ನಮ್ಮಲ್ಲಿ ಕೆಲಸಕ್ಕ ಇದ್ದೇ ಇಲ್ಲಂತ. ಕುಡುದು ರಸ್ತೆದಾಗ ಬಿದ್ದು ಸತ್ತಾನಂತ ಬರಸ್ಯಾನ. ನನ್ನ ಗಂಡ ಒಂದು ಹನಿ ಕುಡೀತಿರಲಿಲ್ರಿ. ಸಾಲ್ಯಾಗ ನನ್ನ ಮಗಳಿಗೆ ಕುಡುಕನ ಮಗಳು ಅನ್ನಾಕತ್ತಾರ. ಅರ್ಜಿ ಕೊಟ್ಟ ಕಾರ್ಮಿಕರ ಕಚೇರ್ಯಾಗ ಹೇಳ್ಯಾರ, ಅಂವ ಅಲ್ಲಿ ಇದ್ದ ಅನ್ನಾಕ ಒಂದು ಗುರುತು ತಗೊಂಡು ಬಾ ಅಂತ. ಆ ಫೋಟೊದಾಗ ಬೋರ್ಡ್ ಇತ್ತಲ್ರಿ.”

ನನ್ನ ಮೇಲಿದ್ದ ಅಂಗೈ ಒದ್ದೆಯಾಯಿತು. ಮೌನೇಶನ ಕೈ ಬೆವರಿದ್ದು ಅದೇ ಮೊದಲು. ಚಿತ್ರ ಹೊಡೆದ ಒಡಿಶಾದವನು ಎಲ್ಲಿ ಎಂದು ಕೇಳಿದ. ಅವನು ಯಮನೂರಪ್ಪ ಸತ್ತ ವಾರವೇ ಊರು ಬಿಟ್ಟಿದ್ದ, ನಂಬರು ಹತ್ತುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಇವನು ಹೇಳಬೇಕಾಗಿದ್ದದ್ದು ಒಂದೇ ಮಾತು, ನನ್ನ ಹತ್ತಿರ ಅದು ಇಲ್ಲ ಎಂದು. ಅಷ್ಟಕ್ಕೆ ಅವನ ನಾಲಿಗೆ ಏಳಲಿಲ್ಲ.

“ಹುಡುಕತೀನಿ ತಂಗಿ. ನಾಕ್ ದಿನ ಬಿಟ್ಟು ಬಾ” ಅಂದ.

ಹುಡುಕಿದ, ಸುಳ್ಳು ಹೇಳಬಾರದು. ಕಂಪ್ಯೂಟರಿನ ಮೂಲೆ ಮೂಲೆ ನನ್ನಿಂದ ಕೆದಕಿಸಿದ. ಮೋಡದ ಮುಂದೆ ಕೋಟು ತೊಟ್ಟ ಯಮನೂರಪ್ಪನೊಬ್ಬನೇ ಸಿಕ್ಕಿದ. ಅವನ ಹಿಂದೆ ಬಿಳಿ ಬಳಿದು ಎಬ್ಬಿಸಲು ಏನೂ ಉಳಿದಿರಲಿಲ್ಲ.

ಮೂರನೆಯ ದಿನ ಮೌನೇಶ ಬೈಕು ಹತ್ತಿ ಕ್ವಾರಿಯ ಕಡೆ ಹೋದ. ರಸ್ತೆಯಲ್ಲೇ ನಿಂತು ಕಲ್ಲಿನ ಗೋಡೆ, ಕ್ರೇನು, ಬೋರ್ಡು ಎಲ್ಲ ಬರುವಂತೆ ಒಂದು ಚಿತ್ರ ತೆಗೆದುಕೊಂಡು ಬಂದ. ಆಮೇಲೆ ನನ್ನನ್ನು ಹಿಡಿದ. ಯಮನೂರಪ್ಪನ ತಲೆಯನ್ನು ಕೋಟಿನಿಂದ ಬಿಡಿಸಿದೆವು. ಎಂದೋ ಫೋಟೊ ತೆಗೆಸಿದ್ದ ಗಾರೆ ಕೆಲಸದ ಒಬ್ಬ ಗೌಂಡಿಯ ಮೈಯನ್ನು ಅದಕ್ಕೆ ಜೋಡಿಸಿದೆವು. ಕತ್ತಿನ ಹತ್ತಿರ ನೆರಳು ಹಚ್ಚಿದೆವು, ಹೆಗಲಿಗೆ ಟವೆಲ್ಲು ಹಾಕಿದೆವು, ಬನೀನಿಗೆ ಧೂಳು ಹಚ್ಚಿದೆವು. ಹಿಂದೆ ಕ್ವಾರಿ ಇಟ್ಟೆವು.

“ಇದೇನು ಸುಳ್ಳಲ್ಲ” ಎಂದು ಮೌನೇಶ ತನಗೆ ತಾನೇ ಹೇಳಿಕೊಂಡ. “ಇದ್ದಾಂವನ್ನ ಇದ್ದಲ್ಲೇ ನಿಂದರಸಾಕತ್ತೀನಿ.”

ನನಗೂ ಅದು ಸರಿ ಅನ್ನಿಸಿತು. ಅವನು ಅಲ್ಲಿ ಇದ್ದದ್ದು ನಿಜ, ಆ ಕ್ವಾರಿಯೂ ನಿಜ, ಆ ಮುಖವೂ ನಿಜ. ಇನ್ನೇನು ಬೇಕು?

ಹುಲಿಗೆವ್ವ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬೋರ್ಡಿನ ಮೇಲೆ ಬೆರಳಿಟ್ಟಳು. “ಇದರೀ, ಇದ” ಅಂದಳು. ಒಂದು ಗಳಿಗೆ ಅನುಮಾನಿಸಿದಳು. “ಬನೀನು ಬ್ಯಾರೆ ಕಂಡಂಗ ಆಗತೈತಿ.”

“ಬಣ್ಣ ಸರಿ ಮಾಡೀನಿ ತಂಗಿ, ಅದಕ್ಕ.”

ನಂಬಿದಳು. ಓದು ಬರದ ಹೆಂಗಸು, ಅಣ್ಣ ಎಂದು ಕರೆದವನನ್ನು ನಂಬದೆ ಏನು ಮಾಡಿಯಾಳು.

ವಿಚಾರಣೆ ಮುಗಿದ ಮರುದಿನ ಬಂದಳು. ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದಳು, ದನಿ ಏರಿಸದೆ. ಸಾವಕಾರನ ವಕೀಲ ಚಿತ್ರ ನೋಡಿ ನಕ್ಕನಂತೆ. ಹಿಂದೆ ಕಾಣುವ ಹಳದಿ ಕ್ರೇನನ್ನು ಕ್ವಾರಿಗೆ ತಂದದ್ದು ದೀಪಾವಳಿಗೆ. ಪೂಜೆ ಮಾಡಿಸಿದ ಫೋಟೊ, ಖರೀದಿಯ ಕಾಗದ ಎರಡೂ ತೋರಿಸಿದನಂತೆ. ಶ್ರಾವಣದಲ್ಲಿ ಸತ್ತವನು ದೀಪಾವಳಿಗೆ ಬಂದ ಕ್ರೇನಿನ ಮುಂದೆ ಹೇಗೆ ನಿಂತ ಎಂದು ಕೇಳಿದನಂತೆ. ಕ್ವಾರಿಯ ಬದಿಗೆ ಚಹಾ ಮಾರುವ ಮುದುಕಿಯೊಬ್ಬಳು, ಯಮನೂರಪ್ಪ ದಿನಾ ನನ್ನಲ್ಲೇ ಚಹಾ ಕುಡಿಯುತ್ತಿದ್ದ ಎಂದು ಸಾಕ್ಷಿ ಹೇಳಿದ್ದಳು. ಆ ಫೋಟೊ ಸಿಕ್ಕಿಬಿದ್ದ ಮೇಲೆ ಅವಳ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಜಿ ವಜಾ ಆಯಿತು. ಕುಡಿದು ಬಿದ್ದು ಸತ್ತ ಎಂದೇ ಕಾಗದದಲ್ಲಿ ಉಳಿಯಿತು.

ಆ ಹಳೆಯ ಚಿತ್ರದಲ್ಲಿದ್ದದ್ದು ಬೇರೆ ಕ್ರೇನು. ಅದನ್ನು ಹತ್ತಿರದಿಂದ ನೋಡಿದವರು ಮೌನೇಶ ಮತ್ತು ನಾನು. ನೋಡಿದ್ದೆವು, ಮರೆತಿದ್ದೆವು.

“ತಪ್ಪಾತು ತಂಗಿ” ಅಂದ ಮೌನೇಶ.

“ಇಲ್ಲ ಅಂದಿದ್ರ ನಾನೂ ಇಲ್ಲ ಅಂತಿದ್ದೆ ಅಣ್ಣಾರ” ಅಂದಳು ಹುಲಿಗೆವ್ವ. “ನಾನ ತಗೀರಿ ಅಂದಿದ್ದೆ, ನೋಡಾಕ ಆಗಲಿಲ್ಲ, ತಗಸಿದೆ ಅಂತ ಸಾಹೇಬ್ರ ಮುಂದ ಹೇಳತಿದ್ದೆ. ಆ ಮುದುಕಿ ಮಾತರ ಉಳೀತಿತ್ತು. ಈಗ ಸಾವಕಾರ ಸತ್ಯವಂತ ಆದ, ನಾ ಕಳ್ಳಿ ಆದೆ.”

ಹೊರಟುಹೋದಳು. ಮೌನೇಶ ಅಂಗಡಿಯ ಬಾಗಿಲು ಎಳೆದು, ನನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಬಂಗಾರದಂಥ ಕೈ ಎಂದು ಇಷ್ಟು ವರ್ಷ ಹೊಗಳಿದ ಆ ಕೈಯ ಕೆಳಗೆ ಇರುವುದಕ್ಕೇ ನನಗೆ ಅಸಹ್ಯವಾಯಿತು. ಅವನನ್ನು ಬೈಯಲು ನಾನು ಯಾರು? ಅಂಚು ಅಂಚು ನಡೆದದ್ದು ನಾನೇ.

ಆಮೇಲೆ ನನಗೆ ವಯಸ್ಸಾಯಿತು. ಎಡಗುಂಡಿ ಸೋತು, ಒಂದು ಸಲ ಒತ್ತಿದರೆ ಎರಡು ಸಲ ಕೂಗತೊಡಗಿತು. ವೈರು ಕುತ್ತಿಗೆಯ ಹತ್ತಿರ ಸೀಳಿತು. ವೈರಿಲ್ಲದ ಹೊಸ ಮೌಸ್ ಬಂತು. ನನ್ನನ್ನು ಹಳೆಯ ಚಾರ್ಜರು, ಖಾಲಿ ಪೆನ್ನುಗಳ ಜೊತೆ ಡ್ರಾಯರಿಗೆ ನೂಕಿದರು. ಕತ್ತಲೆ ನನಗೆ ಹಿತವಾಗಿತ್ತು. ಯಾರ ಹಿಂದಿನದನ್ನೂ ತೆಗೆಯಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಹೊಸ ಮೌಸಿನ ಬ್ಯಾಟರಿ ತೀರಿತ್ತು. ಡ್ರಾಯರು ತೆರೆದು ನನ್ನನ್ನು ಎತ್ತಿ ಸಿಕ್ಕಿಸಿದರು. ಎದುರಿಗೆ ಹುಲಿಗೆವ್ವ ನಿಂತಿದ್ದಳು. ಸೀರೆಯ ಮೇಲೆ ಗಂಡಸಿನ ಹಳೆಯ ಅಂಗಿ ತೊಟ್ಟಿದ್ದಳು. ಕೂದಲಲ್ಲಿ, ರೆಪ್ಪೆಯಲ್ಲಿ ಕಲ್ಲಿನ ಪುಡಿ. ಬೇರೆ ಕಡೆ ದುಡಿಮೆ ಸಿಗದೆ ಅವಳೂ ಅದೇ ಕ್ವಾರಿಗೆ ಕಲ್ಲಿನ ಚೂರು ಹೊರಲು ಹೋಗುತ್ತಿದ್ದಳು. ಹೆಸರು ಅಲ್ಲಿ ಯಾರೂ ಬರೆದುಕೊಳ್ಳುವುದಿಲ್ಲವಂತೆ, ಅವಳದನ್ನೂ ಬರೆದುಕೊಂಡಿರಲಿಲ್ಲ.

ಫೋನು ಕೊಟ್ಟಳು. ಅದರಲ್ಲಿ ಅವಳದೇ ಚಿತ್ರ. ತಲೆಯ ಮೇಲೆ ಬುಟ್ಟಿ, ಬಿಸಿಲಿಗೆ ಕಿರಿದಾದ ಕಣ್ಣು, ಹಿಂದೆ ಕಲ್ಲಿನ ಗೋಡೆ, ಹಳದಿ ಕ್ರೇನು, ಬೋರ್ಡು.

ಮೌನೇಶನ ಕೈ ರೂಢಿಯಂತೆ ನನ್ನನ್ನು ಅವಳ ಮುಖದ ಕಡೆ ಒಯ್ದಿತು, ಬೆಳಕು ಸರಿಮಾಡಲು.

“ಏನೂ ಮುಟ್ಟಬ್ಯಾಡ್ರಿ” ಅಂದಳು. “ಮುಂದಿಂದೂ ಬ್ಯಾಡ, ಹಿಂದಿಂದೂ ಬ್ಯಾಡ. ಇದ್ದಂಗ ಪ್ರಿಂಟ್ ತಗದು ಕೊಡ್ರಿ. ನಾಳೆ ನನಗೇನರ ಆದ್ರ ನನ್ನ ಮಗಳು ನಿಮ್ಮ ಬಾಗಲಿಗೆ ಬರಬಾರದು.”

ಮೌನೇಶ ತಲೆ ಎತ್ತಲಿಲ್ಲ. ನನ್ನನ್ನು ಪ್ರಿಂಟ್ ಎಂದು ಬರೆದ ಕಡೆ ಸರಿಸಿ ಒತ್ತಿದ. ನನ್ನ ಸೋತ ಗುಂಡಿ ಎರಡು ಸಲ ಕೂಗಿತು, ಎರಡು ಪ್ರತಿ ಬಂದವು. ಅವಳು ಎರಡನ್ನೂ ತೆಗೆದುಕೊಂಡಳು.